ಕೊರಿಯನ್ ಕಲಿಯಲು ಆಡಿಯೊ ಪುಸ್ತಕ ಮತ್ತು ದ್ವಿಭಾಷಾ ಪಠ್ಯ: ಹುಡುಕುವುದು ಹೇಗೆ, ಬಳಸುವುದು ಹೇಗೆ?



ನಮ್ಮ ಕಾಲೇಜಿನಲ್ಲಿ ಕೊರಿಯನ್ ಭಾಷೆ ಕಲಿಯಲು ಹೊರಟವರು ಕಡಿಮೆಯೇನಿಲ್ಲ. ಧಾರಾವಾಹಿ ನೋಡಿ ಶುರು ಮಾಡಿದವರಿದ್ದಾರೆ, ಹಾಡು ಕೇಳಿ ಶುರು ಮಾಡಿದವರಿದ್ದಾರೆ. ಹೆಚ್ಚಿನವರು ಎರಡು ಮೂರು ತಿಂಗಳಲ್ಲಿ ಬಿಟ್ಟುಬಿಡುತ್ತಾರೆ. ನಾನು ಎಂಟು ತಿಂಗಳು ಬಿಡಲಿಲ್ಲ. ಆಮೇಲೆ ಒಂದು ಭಾನುವಾರ ನನ್ನನ್ನು ನಾನೇ ಪರೀಕ್ಷೆ ಮಾಡಿಕೊಳ್ಳೋಣ ಎಂದು ಟೋಪಿಕ್ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆ ತೆಗೆದುಕೊಂಡು ಕೂತೆ. ಮೊದಲ ಹಂತದ ಆಲಿಸುವ ಭಾಗದಲ್ಲಿ 30 ಪ್ರಶ್ನೆಗಳು, ಒಂದೊಂದಕ್ಕೂ ನಾಲ್ಕು ಆಯ್ಕೆಗಳು. ನನ್ನದು 9 ಸರಿಯಾಗಿತ್ತು. ಕಣ್ಣು ಮುಚ್ಚಿಕೊಂಡು ಗುರುತು ಹಾಕಿದ್ದರೂ ಏಳೋ ಎಂಟೋ ಸರಿಯಾಗುತ್ತಿದ್ದವು. ಅಂದರೆ ಎಂಟು ತಿಂಗಳ ಗಳಿಕೆ ಒಂದೋ ಎರಡೋ ಅಂಕ! ವಾಣಿಜ್ಯ ವಿಭಾಗದಲ್ಲಿ ಓದುವವರಿಗೆ ಇದನ್ನು ಲಾಭ ಎಂದು ಕರೆಯಲು ಮನಸ್ಸು ಬರುವುದಿಲ್ಲ.

ತಪ್ಪು ಎಲ್ಲಾಯಿತು ಎಂದು ಯೋಚಿಸಿದಾಗ ಗೊತ್ತಾಗಿದ್ದು ಇಷ್ಟು. ನಾನು ಕೇಳುತ್ತಿದ್ದುದಕ್ಕೆ ಬರಹ ಇರಲಿಲ್ಲ, ಓದುತ್ತಿದ್ದುದಕ್ಕೆ ಧ್ವನಿ ಇರಲಿಲ್ಲ, ಎರಡಕ್ಕೂ ನಂಬುವಂಥ ಅರ್ಥ ಇರಲಿಲ್ಲ. ಈ ಮೂರೂ ಒಂದೇ ಕಡೆ ಸಿಗುವ ಸಾಮಗ್ರಿಯನ್ನು ಹೇಗೆ ಹುಡುಕಬೇಕು, ಹೇಗೆ ಬಳಸಬೇಕು ಎಂಬುದೇ ಈ ಲೇಖನ.

ಓದಲು ಬಂದರೆ ಅರ್ಥ ಬಂದಂತಲ್ಲ

ಕೊರಿಯನ್ ಲಿಪಿಯ ಹೆಸರು ಹಂಗುಲ್. ಇದನ್ನು ರಾಜ ಸೆಜೊಂಗ್ 1443ರಲ್ಲಿ ರೂಪಿಸಿ 1446ರಲ್ಲಿ ಜನರ ಮುಂದಿಟ್ಟ. ಆಗ 28 ಅಕ್ಷರಗಳಿದ್ದವು. ಈಗ ಮೂಲ ಅಕ್ಷರಗಳು 24. ಅದರಲ್ಲಿ 14 ವ್ಯಂಜನ, 10 ಸ್ವರ. ಕನ್ನಡದಲ್ಲಿ ಕಾಗುಣಿತ ಸೇರಿಸುವ ಹಾಗೆಯೇ ಅಲ್ಲೂ ವ್ಯಂಜನ, ಸ್ವರ ಸೇರಿಸಿ ಒಂದೊಂದು ಉಚ್ಚಾರದ ತುಂಡನ್ನು ಒಂದೊಂದು ಚೌಕದಲ್ಲಿ ಬರೆಯುತ್ತಾರೆ. ಕಾಗುಣಿತ ಗೊತ್ತಿರುವ ನಮಗೆ ಇದು ಕೆಲವೇ ದಿನಗಳ ಕೆಲಸ.

ಆದರೆ ಅಲ್ಲೇ ಒಂದು ಮೋಸ ಇದೆ. ಅಕ್ಷರ ಬಂದ ಮೇಲೆ ಏನನ್ನು ಬೇಕಾದರೂ ಗಟ್ಟಿಯಾಗಿ ಓದಬಹುದು. ಏನೋ ಕಲಿತೆವು ಅನ್ನಿಸುತ್ತದೆ, ಅರ್ಥ ಮಾತ್ರ ಏನೂ ಆಗಿರುವುದಿಲ್ಲ. ನಮ್ಮಲ್ಲಿ ಅನೇಕರಿಗೆ ಇದು ಹೊಸ ಅನುಭವವಲ್ಲ. ಚಿಕ್ಕಂದಿನಲ್ಲಿ ಮಕ್ತಬ್‌ನಲ್ಲಿ ಕಾಯಿದಾ ಮುಗಿಸಿ ಕುರ್‌ಆನನ್ನು ನಾಜಿರಾ ಓದಲು ಕಲಿತವರು ನಾವು. ಅರ್ಥ ತಿಳಿಯದೆ ಓದಿದರೂ ಆ ಓದಿಗೆ ಸವಾಬ್ ಇದೆ. ಕೊರಿಯನ್ ಓದಿಗೆ ಅಂಥ ಸವಾಬ್ ಏನೂ ಇಲ್ಲ. ಅಲ್ಲಿ ಅರ್ಥವಾಗದಿದ್ದರೆ ಕೈಯಲ್ಲಿ ಉಳಿಯುವುದು ಸೊನ್ನೆ.

ನಮ್ಮ ದಾದಿಯ ಹತ್ತಿರ ಒಂದು ಹಳೆಯ ತರ್ಜುಮಾ ಕುರ್‌ಆನ್ ಇದೆ. ದಪ್ಪ ಅರಬಿ ಸಾಲು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಉರ್ದು. ದಾದಿ ಬೆಳಿಗ್ಗೆ ಮೊದಲು ಅರಬಿ ಓದುತ್ತಾರೆ, ಆಮೇಲೆ ಬೆರಳನ್ನು ಕೆಳಗಿನ ಸಾಲಿಗೆ ಇಳಿಸುತ್ತಾರೆ. ನಾನು ‘ಬೈಲಿಂಗ್ವಲ್ ಟೆಕ್ಸ್ಟ್’ ಎಂದು ಅಂತರ್ಜಾಲದಲ್ಲಿ ತಿಂಗಳುಗಟ್ಟಲೆ ಹುಡುಕಿದ್ದು ಮನೆಯ ರೆಹಲಿನ ಮೇಲೆ ಮೊದಲಿನಿಂದಲೂ ಇತ್ತು.

ಉರ್ದು ತರ್ಜುಮಾದ ಇತಿಹಾಸದಲ್ಲಿ ನಮಗೆ ಇನ್ನೊಂದು ಪಾಠವೂ ಇದೆ. ದೆಹಲಿಯ ಶಾಹ್ ವಲಿಯುಲ್ಲಾ ಅವರ ಇಬ್ಬರು ಮಕ್ಕಳು ಕುರ್‌ಆನನ್ನು ಉರ್ದುವಿಗೆ ತಂದರು. ಶಾಹ್ ರಫೀಉದ್ದೀನ್ ಅವರದು ಪದಕ್ಕೆ ಪದ ಇಟ್ಟ ತರ್ಜುಮಾ. ಶಾಹ್ ಅಬ್ದುಲ್ ಖಾದಿರ್ ಅವರದು ಆಡುಮಾತಿನ ಜಾಯಮಾನಕ್ಕೆ ಹೊಂದುವ ತರ್ಜುಮಾ. ಮೊದಲನೆಯದರಲ್ಲಿ ಯಾವ ಪದಕ್ಕೆ ಯಾವ ಅರ್ಥ ಎಂದು ಕಾಣುತ್ತದೆ. ಎರಡನೆಯದರಲ್ಲಿ ಇಡೀ ವಾಕ್ಯ ಏನು ಹೇಳುತ್ತಿದೆ ಎಂದು ತಿಳಿಯುತ್ತದೆ. ಭಾಷೆ ಕಲಿಯುವವರಿಗೆ ಎರಡೂ ಬೇಕು. ಕೊರಿಯನ್ ಪುಸ್ತಕ ಕೊಳ್ಳುವಾಗ ‘ಇದು ಯಾವ ಬಗೆಯ ಅನುವಾದ?’ ಎಂದು ಮೊದಲು ಕೇಳಿಕೊಳ್ಳಿ.

ಧ್ವನಿ ಏಕೆ ಬೇಕೇ ಬೇಕು?

ಹಂಗುಲ್ ಬರೆದಂತೆ ಓದುವ ಲಿಪಿ ಎಂದು ಎಲ್ಲರೂ ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ. ಅಕ್ಷರಗಳು ಪಕ್ಕಪಕ್ಕ ಬಂದಾಗ ಧ್ವನಿ ಬದಲಾಗುತ್ತದೆ. ‘ಹಂಗುಕ್’ ಎಂದರೆ ಕೊರಿಯಾ, ‘ಮಾಲ್’ ಎಂದರೆ ಮಾತು. ಎರಡೂ ಸೇರಿದಾಗ ಬರೆಯುವುದು ‘ಹಂಗುಕ್‌ಮಾಲ್’, ಹೇಳುವುದು ‘ಹಂಗುಙ್ಮಾಲ್’. ‘ಯೆತ್’ ಎಂದರೆ ಹಳೆಯ, ‘ನಾಲ್’ ಎಂದರೆ ದಿನ. ಸೇರಿದಾಗ ಹೇಳುವುದು ‘ಯೆನ್ನಾಲ್’, ಅಂದರೆ ಹಿಂದಿನ ಕಾಲ. ಧನ್ಯವಾದ ಹೇಳುವ ಮಾತನ್ನು ‘ಗಾಮ್ಸಾಹಾಪ್ನಿದಾ’ ಎಂದು ಬರೆದು ‘ಗಾಮ್ಸಾಹಾಮ್ನಿದಾ’ ಎನ್ನುತ್ತಾರೆ.

ಇದನ್ನು ಮೊದಲು ನೋಡಿದಾಗ ನನಗೆ ಹೆದರಿಕೆಯಾಗಿತ್ತು. ಆಮೇಲೆ ಪ್ರೌಢಶಾಲೆಯ ಕನ್ನಡ ವ್ಯಾಕರಣ ನೆನಪಾಯಿತು. ವಾಕ್ + ಮಯ = ವಾಙ್ಮಯ. ಜಗತ್ + ನಾಥ = ಜಗನ್ನಾಥ. ಇದು ಅನುನಾಸಿಕ ಸಂಧಿಯೇ! ಕ, ತ, ಪಗಳ ಮುಂದೆ ಅನುನಾಸಿಕ ಬಂದರೆ ಅವು ತಮ್ಮದೇ ವರ್ಗದ ಅನುನಾಸಿಕವಾಗುತ್ತವೆ. ಒಂದೇ ವ್ಯತ್ಯಾಸ ಎಂದರೆ ನಾವು ಸಂಧಿಯಾದ ಮೇಲೆ ಬರಹವನ್ನೂ ಬದಲಿಸುತ್ತೇವೆ, ಅವರು ಬರಹವನ್ನು ಹಾಗೇ ಇಟ್ಟು ಉಚ್ಚಾರ ಮಾತ್ರ ಬದಲಿಸುತ್ತಾರೆ. ತಜ್ವೀದ್ ಕಲಿತವರಿಗೆ ಇದೂ ಪರಿಚಿತ. ನೂನ್ ಸಾಕಿನ್ ಮುಂದೆ ಬಾ ಬಂದರೆ ಬರೆದಿರುವುದು ನೂನ್ ಆದರೂ ಓದುವುದು ಮೀಮ್. ಇಂಥ ನಿಯಮಗಳನ್ನು ಉಸ್ತಾದರ ಬಾಯಿಂದ ಕೇಳಿಯೇ ಕಲಿಯಬೇಕು. ಕೊರಿಯನ್ನಿಗೂ ಹಾಗೆಯೇ, ಬರಹ ನೋಡಿ ಕಲಿತರೆ ಕಿವಿ ಮೋಸಹೋಗುತ್ತದೆ. ನನ್ನ 9 ಅಂಕಕ್ಕೆ ಇದೇ ದೊಡ್ಡ ಕಾರಣ. ನನಗೆ ಗೊತ್ತಿದ್ದ ಪದಗಳೇ ಧ್ವನಿಯಲ್ಲಿ ಬಂದಾಗ ಗುರುತು ಸಿಗಲಿಲ್ಲ.

ಇನ್ನೊಂದು ತೊಡಕು ವ್ಯಂಜನಗಳದು. ‘ಬುಲ್’ ಎಂದರೆ ಬೆಂಕಿ, ‘ಪುಲ್’ ಎಂದರೆ ಹುಲ್ಲು, ‘ಪ್ಪುಲ್’ ಎಂದರೆ ಕೊಂಬು. ಮೂರನ್ನೂ ಬೇರೆ ಮಾಡುವುದು ಮೊದಲ ಧ್ವನಿ ಮಾತ್ರ. ಅದು ನಮ್ಮ ಪ, ಫ, ಬಗಳಿಗೆ ಸರಿಯಾಗಿ ಹೊಂದುವುದೂ ಇಲ್ಲ. ಎಷ್ಟು ವಿವರಿಸಿದರೂ ತಿಳಿಯದು, ಹತ್ತು ಸಲ ಕೇಳಿದರೆ ತಿಳಿಯುತ್ತದೆ.

ಅಂದಹಾಗೆ ಹಳಗನ್ನಡದಲ್ಲೂ ಹುಲ್ಲಿಗೆ ‘ಪುಲ್’ ಎನ್ನುತ್ತಿದ್ದರು. ಕೊರಿಯನ್ನಿನಲ್ಲಿ ಅಪ್ಪನಿಗೆ ‘ಆಪ್ಪಾ’, ಅಮ್ಮನಿಗೆ ‘ಒಮ್ಮಾ’, ನಾನು ಎನ್ನಲು ‘ನಾ’. ಇಂಥ ಹೋಲಿಕೆಗಳನ್ನು ನೋಡಿ ಹೋಮರ್ ಹಲ್ಬರ್ಟ್ ಎಂಬ ಅಮೆರಿಕದ ವಿದ್ವಾಂಸರು 1905ರಲ್ಲಿ ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನೇ ಪ್ರಕಟಿಸಿದ್ದರು. ಈ ನಂಟನ್ನು ಇಂದಿನ ಭಾಷಾವಿಜ್ಞಾನಿಗಳಲ್ಲಿ ಬಹುಪಾಲು ಜನ ಒಪ್ಪುವುದಿಲ್ಲ. ಆದರೂ ಪದ ನೆನಪಿಟ್ಟುಕೊಳ್ಳಲು ಇದರಿಂದ ಉಪಕಾರ ಇದೆ.

ಕೊಳ್ಳುವ ಮೊದಲು ನಾಲ್ಕು ಪರೀಕ್ಷೆ

ಕಳೆದ ಈದ್‌ನ ಈದಿ ಹಣದಲ್ಲಿ ನಾನು ಒಂದು ಇ-ಪುಸ್ತಕ ಕೊಂಡೆ. ಆಡಿಯೊ ಸಹಿತ ದ್ವಿಭಾಷಾ ಕಥೆಗಳು ಎಂದು ಹೆಸರು, ಬೆಲೆ 399 ರೂಪಾಯಿ. ಎರಡನೇ ಕಥೆಯಲ್ಲಿ ಒಬ್ಬ ಹುಡುಗ ವೈದ್ಯರಿಗೆ ‘ನನ್ನ ದೋಣಿ ನೋಯುತ್ತಿದೆ’ ಎಂದು ಹೇಳುತ್ತಾನೆ! ಕೊರಿಯನ್ನಿನಲ್ಲಿ ‘ಬೆ’ ಎಂಬ ಪದಕ್ಕೆ ಹೊಟ್ಟೆ, ದೋಣಿ, ಪೇರು ಹಣ್ಣು ಎಂದು ಮೂರು ಅರ್ಥ. ಮನುಷ್ಯರು ಅನುವಾದ ಮಾಡಿದ್ದರೆ, ಇಲ್ಲವೇ ಒಮ್ಮೆ ಓದಿ ನೋಡಿದ್ದರೆ, ಈ ತಪ್ಪು ಉಳಿಯುತ್ತಿರಲಿಲ್ಲ. ಧ್ವನಿಯೂ ಯಂತ್ರದ್ದೇ, ಎಲ್ಲೂ ಉಸಿರು ತೆಗೆದುಕೊಳ್ಳುವುದಿಲ್ಲ. ಇಂಥ ಪುಸ್ತಕಗಳು ಈಗ ಬಹಳ ಬರುತ್ತಿವೆ. ಆಮೇಲೆ ನಾನು ಈ ನಾಲ್ಕು ಪರೀಕ್ಷೆ ಮಾಡದೆ ಏನನ್ನೂ ಕೊಂಡಿಲ್ಲ.

ಒಂದು: ಬರಹ ಮತ್ತು ಧ್ವನಿ ಒಂದೇ ಇದೆಯೇ? ಧ್ವನಿಯಲ್ಲಿ ಬರುವ ಪ್ರತಿ ಪದವೂ ಪುಟದಲ್ಲಿರಬೇಕು. ಧಾರಾವಾಹಿಯ ಇಂಗ್ಲಿಷ್ ಅಡಿಬರಹ ಈ ಪರೀಕ್ಷೆಯಲ್ಲಿ ಫೇಲಾಗುತ್ತದೆ. ಪರದೆಯ ಮೇಲೆ ಬೇಗ ಓದಿ ಮುಗಿಸಲೆಂದು ಅದನ್ನು ಮೊಟಕು ಮಾಡಿರುತ್ತಾರೆ. ಹಿಂದಿಗೆ ಡಬ್ ಆದದ್ದರಿಂದಂತೂ ಕೊರಿಯನ್ ಬರುವುದೇ ಇಲ್ಲ.

ಎರಡು: ಮಾದರಿ ಪುಟ, ಮಾದರಿ ಧ್ವನಿ ಕೊಟ್ಟಿದ್ದಾರೆಯೇ? ಅದರಿಂದ ಐದು ವಾಕ್ಯ ತೆಗೆದುಕೊಂಡು ನಿಘಂಟಿನಲ್ಲಿ ನೋಡಿ. ಬರೆದವರ, ಓದಿದವರ ಹೆಸರು ಇದೆಯೇ ಎಂದೂ ನೋಡಿ.

ಮೂರು: ಅದು ಯಾವ ಶೈಲಿಯ ಭಾಷೆ? ಇದು ನನಗೆ ತಡವಾಗಿ ಗೊತ್ತಾದ ವಿಷಯ. ಧಾರಾವಾಹಿಯಲ್ಲಿ ನಾವು ಕೇಳುವ ಗೌರವದ ಆಡುಮಾತು ‘ಯೊ’ ಎಂದು ಮುಗಿಯುತ್ತದೆ. ಕಾದಂಬರಿಯ ನಿರೂಪಣೆ ಸಾಮಾನ್ಯವಾಗಿ ‘ದಾ’ ಎಂದು ಮುಗಿಯುತ್ತದೆ. ‘ಬಂದರು’ ಎಂಬುದು ಮಾತಿನಲ್ಲಿ ‘ವಾಸ್ಸೊಯೊ’, ಪುಸ್ತಕದಲ್ಲಿ ‘ವಾತ್ತಾ’. ಮಾತಾಡಲು ಕಲಿಯಬೇಕಾದವರು ಮೊದಲೇ ಕಾದಂಬರಿಯ ಆಡಿಯೊ ಹಿಡಿದರೆ ಗೊಂದಲವಾಗುತ್ತದೆ. ಮೊದಲು ಸಂಭಾಷಣೆ, ಆಮೇಲೆ ‘ಯೊ’ ಶೈಲಿಯ ಜನಪದ ಕಥೆ, ಕೊನೆಗೆ ಸಾಹಿತ್ಯ.

ನಾಲ್ಕು: ಗೊತ್ತಿಲ್ಲದ ಪದ ಎಷ್ಟು? ಹತ್ತು ಪದಕ್ಕೆ ಒಂದಕ್ಕಿಂತ ಹೆಚ್ಚಿದ್ದರೆ ನಾನು ಆ ಪಠ್ಯವನ್ನು ಮುಂದಕ್ಕೆ ಹಾಕುತ್ತೇನೆ. ಚಿಕ್ಕ ಮಕ್ಕಳ ಪುಸ್ತಕ ಸುಲಭವಾಗಿರುತ್ತದೆ ಎಂದೂ ನಂಬಬೇಡಿ. ಅದರಲ್ಲಿ ಅನುಕರಣ ಪದಗಳು ಬಹಳ. ಎದೆ ಢವಢವ ಎನ್ನುವುದು ‘ದುಗುನ್‌ದುಗುನ್’, ನಕ್ಷತ್ರ ಮಿಣಮಿಣ ಎನ್ನುವುದು ‘ಬಾಂಜಾಕ್‌ಬಾಂಜಾಕ್’. ಕನ್ನಡದವರಿಗೆ ಇಂಥ ಪದಗಳ ರುಚಿ ಗೊತ್ತು, ಆದರೆ ಒಂದೊಂದನ್ನೂ ಹೊಸದಾಗಿ ಕಲಿಯಲೇಬೇಕು.

ಎಲ್ಲಿ ಸಿಗುತ್ತವೆ?

ಮೊದಲು ಖರ್ಚಿಲ್ಲದ ದಾರಿ. ಕೊರಿಯಾ ಸರ್ಕಾರದ ಬೆಂಬಲದ ಕಿಂಗ್ ಸೆಜೊಂಗ್ ಇನ್‌ಸ್ಟಿಟ್ಯೂಟ್ ಫೌಂಡೇಶನ್ 2012ರಲ್ಲಿ ಶುರುವಾಯಿತು. ಅದರ ಆನ್‌ಲೈನ್ ತಾಣದಲ್ಲಿ ಪಾಠಗಳೂ ಧ್ವನಿಯೂ ಇವೆ. ‘ಹೌ ಟು ಸ್ಟಡಿ ಕೊರಿಯನ್’ ಎಂಬ ತಾಣದಲ್ಲಿ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ವಿವರಿಸಿ ಉದಾಹರಣೆಗಳಿಗೆ ಧ್ವನಿ ಕೊಟ್ಟಿದ್ದಾರೆ. ‘ಟಾಕ್ ಟು ಮಿ ಇನ್ ಕೊರಿಯನ್’ 2009ರಲ್ಲಿ ಆರಂಭವಾದದ್ದು. ಅದರ ಹಲವು ಧ್ವನಿಪಾಠಗಳು ಪಾಡ್‌ಕಾಸ್ಟ್ ರೂಪದಲ್ಲಿ ಸಿಗುತ್ತವೆ. ‘ಇಯಾಗಿ’ ಎಂಬ ಸರಣಿಯಲ್ಲಿ ಇಬ್ಬರು ಸಹಜವಾಗಿ ಕೊರಿಯನ್ನಿನಲ್ಲಿ ಮಾತಾಡಿಕೊಳ್ಳುತ್ತಾರೆ.

ಯಾರೂ ಅಷ್ಟಾಗಿ ಗಮನಿಸದ ಒಂದು ಖಜಾನೆ ಟೋಪಿಕ್‌ನ ಹಳೆಯ ಪ್ರಶ್ನೆಪತ್ರಿಕೆಗಳು. ಅಧಿಕೃತ ತಾಣದಲ್ಲೇ ಪ್ರಶ್ನೆಗಳ ಜೊತೆ ಧ್ವನಿಯೂ ಸಿಗುತ್ತದೆ. ಧ್ವನಿಯಲ್ಲಿ ಹೇಳಿದ್ದೆಲ್ಲದರ ಬರಹ ಇರುವ ಪತ್ರಿಕೆಗಳನ್ನು ಆರಿಸಿಕೊಳ್ಳಿ. ಮೊದಲ ಪರೀಕ್ಷೆ 200 ಅಂಕಕ್ಕೆ. 80 ಬಂದರೆ ಒಂದನೇ ಹಂತ, 140 ಬಂದರೆ ಎರಡನೇ ಹಂತ. ಚಿಕ್ಕ ಚಿಕ್ಕ ಸಂಭಾಷಣೆ, ಸ್ಪಷ್ಟವಾದ ಮನುಷ್ಯರ ಧ್ವನಿ.

ನಿಘಂಟಿಗೆ ನೇವರ್ ಡಿಕ್ಷನರಿ ಇದೆ, ಪದದ ಉಚ್ಚಾರ ಕೇಳಬಹುದು. ಕೊರಿಯಾದ ರಾಷ್ಟ್ರೀಯ ಭಾಷಾ ಸಂಸ್ಥೆಯು ವಿದೇಶಿ ಕಲಿಕೆದಾರರಿಗಾಗಿಯೇ ಮಾಡಿದ ನಿಘಂಟಿನಲ್ಲಿ ಇಂಗ್ಲಿಷ್ ಅಲ್ಲದೆ ಅರಬಿ ಅರ್ಥಗಳೂ ಇವೆ. ಅರಬಿಯನ್ನು ಭಾಷಾ ವಿಷಯವಾಗಿ ತೆಗೆದುಕೊಂಡಿರುವ ಗೆಳೆಯರು ಇದನ್ನು ಬಳಸಿ ನೋಡಬಹುದು.

ಇನ್ನು ದುಡ್ಡು ಕೊಟ್ಟು ಕೊಳ್ಳುವ ಪುಸ್ತಕಗಳು. ಟಟ್ಟಲ್ ಪ್ರಕಾಶನದ ‘ಕೊರಿಯನ್ ಸ್ಟೋರೀಸ್ ಫಾರ್ ಲ್ಯಾಂಗ್ವೇಜ್ ಲರ್ನರ್ಸ್’ ಮತ್ತು ‘ಕೊರಿಯನ್ ಫೋಕ್‌ಟೇಲ್ಸ್ ಫಾರ್ ಲ್ಯಾಂಗ್ವೇಜ್ ಲರ್ನರ್ಸ್’ ಎಂಬ ಎರಡು ಪುಸ್ತಕಗಳಲ್ಲಿ ಜನಪದ ಕಥೆಗಳು ಕೊರಿಯನ್ ಮತ್ತು ಇಂಗ್ಲಿಷ್ ಎರಡರಲ್ಲೂ ಇವೆ, ಧ್ವನಿ ಆನ್‌ಲೈನ್‌ನಲ್ಲಿದೆ. ನಮ್ಮ ಹಂತಕ್ಕೆ ಇವೇ ಸರಿ. ಆಲಿ ರಿಚರ್ಡ್ಸ್ ಅವರ ‘ಶಾರ್ಟ್ ಸ್ಟೋರೀಸ್ ಇನ್ ಕೊರಿಯನ್’ ಮಧ್ಯಮ ಹಂತದವರಿಗೆ. ಅದಕ್ಕೆ ಆಡಿಯೊ ಪುಸ್ತಕವೂ ಇದೆ. ಇನ್ನೂ ಮುಂದೆ ಹೋದವರಿಗೆ ಸೋಲ್‌ನ ಏಷ್ಯಾ ಪಬ್ಲಿಷರ್ಸ್‌ನವರ ಆಧುನಿಕ ಕೊರಿಯನ್ ಸಾಹಿತ್ಯದ ದ್ವಿಭಾಷಾ ಮಾಲೆ ಇದೆ. ಅದರಲ್ಲಿ 110 ಸಂಪುಟಗಳಿವೆ, ಪ್ರತಿಯೊಂದರಲ್ಲೂ ಕೊರಿಯನ್ ಮತ್ತು ಇಂಗ್ಲಿಷ್ ಜೊತೆಜೊತೆಗಿವೆ.

ಯೂಟ್ಯೂಬಿನಲ್ಲಿ ಇಂಗ್ಲಿಷಿನಲ್ಲಿ ಹುಡುಕಿದರೆ ಕಲಿಕೆಯ ಜಾಹೀರಾತುಗಳೇ ಹೆಚ್ಚು ಬರುತ್ತವೆ. ಮೊಬೈಲಿನ ಕೀಬೋರ್ಡಿಗೆ ಕೊರಿಯನ್ ಸೇರಿಸಿಕೊಂಡು, ಆ ಲಿಪಿಯಲ್ಲೇ ‘ಒದಿಒಬುಕ್’ ಎಂದು ಹಾಕಿದರೆ ಆಡಿಯೊ ಪುಸ್ತಕಗಳು, ‘ಜೊಲ್ಲೆ ದೊಂಗ್‌ಹ್ವಾ’ ಎಂದು ಹಾಕಿದರೆ ಮಕ್ಕಳ ಜನಪದ ಕಥೆಗಳು ಬರುತ್ತವೆ. ಅಕ್ಷರ ಕಲಿತದ್ದರ ಮೊದಲ ನಿಜವಾದ ಉಪಯೋಗ ಇದೇ ಎಂದು ನನಗನ್ನಿಸಿತು.

ಇತರರ ಹಕ್ಕು ಮತ್ತು ಹಳೆಯ ಕಥೆಗಳು

ಕೆಲವು ಗುಂಪುಗಳಲ್ಲಿ ಈ ಪುಸ್ತಕಗಳ ಕಳ್ಳಪ್ರತಿಗಳು ಓಡಾಡುತ್ತವೆ. ಯಾರೂ ನೋಡುವುದಿಲ್ಲ ಎಂಬುದು ನಿಜ. ಆದರೆ ಬರೆದವರ ಮತ್ತು ಓದಿದವರ ದುಡಿಮೆ ಅದರಲ್ಲಿದೆ. ಹುಕೂಕುಲ್ ಇಬಾದ್ ಬಗ್ಗೆ ತರಗತಿಯಲ್ಲಿ ಕೇಳಿ, ಹೊರಗೆ ಬಂದು ಬೇರೆಯವರ ಪುಸ್ತಕ ಕದಿಯುವುದು ಸರಿಯಲ್ಲ. ಅದರ ಅಗತ್ಯವೂ ಇಲ್ಲ, ನ್ಯಾಯವಾಗಿ ಉಚಿತವಾದದ್ದೇ ಬೇಕಾದಷ್ಟಿದೆ.

ಭಾರತದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಕೊರಿಯಾದಲ್ಲಿ ಮೊದಲು 50 ವರ್ಷ ಇತ್ತು, 2013ರಲ್ಲಿ 70 ಆಯಿತು. ಮೊದಲೇ ಮುಕ್ತವಾಗಿದ್ದವಕ್ಕೆ ಮತ್ತೆ ಹಕ್ಕು ಬರಲಿಲ್ಲ. ಹಾಗಾಗಿ ಕಿಮ್ ಯುಜೊಂಗ್ (1908–1937), ಯಿ ಹ್ಯೊಸೊಕ್ (1907–1942), ಹ್ಯೊನ್ ಜಿನ್‌ಗೊನ್ (1900–1943) ಇವರ ಕಥೆಗಳೆಲ್ಲ ಮುಕ್ತ. ಕೊರಿಯನ್ ವಿಕಿಸೋರ್ಸ್‌ನಲ್ಲಿ ಇಂಥ ಹಳೆಯ ಲೇಖಕರ ಮೂಲ ಪಠ್ಯಗಳು ಸಿಗುತ್ತವೆ. ಸ್ವಯಂಸೇವಕರು ಓದುವ ಲಿಬ್ರಿವಾಕ್ಸ್‌ನಲ್ಲಿ ಇಂಗ್ಲಿಷ್ ಪುಸ್ತಕಗಳು ಸಾವಿರಾರು ಇವೆ, ಕೊರಿಯನ್ ಮಾತ್ರ ಬೆರಳೆಣಿಕೆಯಷ್ಟು. ಒಂದು ಎಚ್ಚರಿಕೆ: ಮೂಲ ಕಥೆ ಮುಕ್ತವಾದರೂ ಅದರ ಹೊಸ ಅನುವಾದಕ್ಕೂ ಹೊಸ ಧ್ವನಿಮುದ್ರಣಕ್ಕೂ ಬೇರೆ ಹಕ್ಕು ಇರುತ್ತದೆ. ಇನ್ನೊಂದು: ಹಳೆಯದು ಸುಲಭ ಅಲ್ಲ. ಕಿಮ್ ಯುಜೊಂಗ್ ಬರೆದದ್ದು ಗಾಂಗ್ವೊನ್ ಕಡೆಯ ಹಳ್ಳಿ ಮಾತಿನಲ್ಲಿ. ಆತನ ಊರಿನ ರೈಲು ನಿಲ್ದಾಣಕ್ಕೆ ಈಗ ಆತನದೇ ಹೆಸರಿದೆ. ಅಂಥ ಲೇಖಕರನ್ನು ಓದುವುದು ನನ್ನ ಆಸೆ, ಈಗಿನ ಶಕ್ತಿಯಲ್ಲ.

ಹೊಸ ಸಾಹಿತ್ಯದ ಬಗ್ಗೆಯೂ ಒಂದು ಮಾತು. ಹಾನ್ ಕಾಂಗ್ ಅವರಿಗೆ 2024ರಲ್ಲಿ ನೊಬೆಲ್ ಬಂತು. ಅವರ ‘ದಿ ವೆಜಿಟೇರಿಯನ್’ ಕಾದಂಬರಿ, ಡೆಬೊರಾ ಸ್ಮಿತ್ ಅವರ ಇಂಗ್ಲಿಷ್ ಅನುವಾದದಲ್ಲಿ, 2016ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಪಡೆದಿತ್ತು. ನಮ್ಮ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿ ಅವರ ಅನುವಾದದ ‘ಹಾರ್ಟ್ ಲ್ಯಾಂಪ್’ ಮೂಲಕ, 2025ರಲ್ಲಿ ಬಂದದ್ದೂ ಇದೇ ಪ್ರಶಸ್ತಿ. ಹಾಗಾದರೆ ಪ್ರಶಸ್ತಿ ಪಡೆದ ಅನುವಾದವನ್ನೇ ಮೂಲದ ಪಕ್ಕ ಇಟ್ಟುಕೊಂಡು ಕೊರಿಯನ್ ಕಲಿಯಬಹುದಲ್ಲ? ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ‘ದಿ ವೆಜಿಟೇರಿಯನ್’ ಅನುವಾದವನ್ನು ಮೂಲದೊಡನೆ ಹೋಲಿಸಿದವರು ಅನುವಾದಕಿ ಬಹಳ ಸ್ವಾತಂತ್ರ್ಯ ತೆಗೆದುಕೊಂಡಿದ್ದಾರೆ ಎಂದರು. ‘ಪಾಲ್’ ಎಂದರೆ ತೋಳು, ‘ಬಾಲ್’ ಎಂದರೆ ಪಾದ. ಈ ಎರಡರ ನಡುವೆ ಗೊಂದಲವಾಗಿದ್ದನ್ನೂ ತೋರಿಸಿದರು. ಅಷ್ಟು ದೊಡ್ಡ ಅನುವಾದಕರಿಗೇ ಆಗುವ ತಪ್ಪು ನನಗಾದರೆ ನಾಚಿಕೆ ಬೇಡ ಎಂದು ಸಮಾಧಾನವಾಯಿತು. ಒಳ್ಳೆಯ ಸಾಹಿತ್ಯ ಅನುವಾದದ ಕೆಲಸ ಬೇರೆ, ಕಲಿಕೆಯ ದ್ವಿಭಾಷಾ ಪಠ್ಯದ ಕೆಲಸ ಬೇರೆ. ಮೊದಲನೆಯದನ್ನು ಓದಿ ಸಂತೋಷಪಡಿ, ಅದರಿಂದ ಪದಾರ್ಥ ಕಲಿಯಲು ಹೋಗಬೇಡಿ.

ಒಂದು ಮಾದರಿ

ಕೊರಿಯಾದಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ಕಥೆ ಇದೆ. ಹಸಿದ ಹುಲಿ ಊರಿಗೆ ಬರುತ್ತದೆ. ಒಂದು ಮನೆಯಲ್ಲಿ ಮಗು ಅಳುತ್ತಿದೆ. ‘ಹುಲಿ ಬಂತು’ ಎಂದು ತಾಯಿ ಹೇಳಿದರೂ ಮಗು ನಿಲ್ಲಿಸುವುದಿಲ್ಲ. ‘ಇಗೋ ಗೊತ್‌ಗಾಮ್’ ಎಂದ ಕೂಡಲೇ ಸುಮ್ಮನಾಗುತ್ತದೆ. ಗೊತ್‌ಗಾಮ್ ಎಂದರೆ ಒಣಗಿಸಿದ ಪರ್ಸಿಮನ್ ಹಣ್ಣು. ಹುಲಿ ಮಾತ್ರ ಅದು ತನಗಿಂತ ಭಯಂಕರ ಪ್ರಾಣಿ ಎಂದುಕೊಂಡು ಓಡುತ್ತದೆ. ಮಳೆಯಲ್ಲಿ ಸೂರು ಸೋರುವುದಕ್ಕೆ ಹೆದರಿದ ಹುಲಿಯ ಕಥೆಯನ್ನು ದಾದಿ ನಮಗೆ ಉರ್ದುವಿನಲ್ಲಿ ಹೇಳುತ್ತಿದ್ದರು. ಹಾಗಾಗಿ ಈ ಕಥೆ ನನಗೆ ಅರ್ಧ ಗೊತ್ತಿತ್ತು. ಗೊತ್ತಿರುವ ಕಥೆಯಿಂದಲೇ ಶುರು ಮಾಡಿ, ಆಗ ಗಮನವೆಲ್ಲ ಭಾಷೆಯ ಮೇಲಿರುತ್ತದೆ. ನಾನೇ ಸರಳ ಮಾಡಿಕೊಂಡ ಮೂರು ವಾಕ್ಯ ನೋಡಿ:

ಯೆನ್ನಾರೆ ಹೊರಾಂಗಿಗಾ ಸಾರಾಸ್ಸೊಯೊ.
ಪದಶಃ: ಹಿಂದಿನ ಕಾಲದಲ್ಲಿ – ಹುಲಿ – ಬದುಕಿತ್ತು.
ಸಹಜವಾಗಿ: ಹಿಂದೆ ಒಂದು ಹುಲಿ ಇತ್ತು.

ಹೊರಾಂಗಿಗಾ ಮಾಉರೆ ವಾಸ್ಸೊಯೊ.
ಪದಶಃ: ಹುಲಿ – ಊರಿಗೆ – ಬಂತು.
ಸಹಜವಾಗಿ: ಆ ಹುಲಿ ಊರಿಗೆ ಬಂತು.

ಆಗಿಗಾ ಉರೊಸ್ಸೊಯೊ.
ಪದಶಃ: ಮಗು – ಅತ್ತಿತು.
ಸಹಜವಾಗಿ: ಮಗು ಅಳುತ್ತಿತ್ತು.

ಕ್ರಮ ಗಮನಿಸಿ. ಕರ್ತೃ ಮೊದಲು, ಕ್ರಿಯಾಪದ ಕೊನೆಗೆ, ಕನ್ನಡದಂತೆ, ಉರ್ದುವಿನಂತೆ. ‘ಊರಿಗೆ’ ಎಂಬಲ್ಲಿ ‘ಗೆ’ ಹತ್ತಿದ ಹಾಗೆ ‘ಮಾಉಲ್’ ಎಂಬ ಪದದ ಹಿಂದೆ ‘ಎ’ ಹತ್ತಿದೆ. ಇಂಗ್ಲಿಷ್ ಅರ್ಥ ಮಾತ್ರ ನೋಡುವವರಿಗೆ ವಾಕ್ಯ ತಲೆಕೆಳಗಾಗಿ ಕಾಣುತ್ತದೆ. ಕನ್ನಡದಲ್ಲಿ ಪದದ ಕೆಳಗೆ ಪದ ಬರೆದರೆ ಸಾಲು ಸಾಲಿಗೆ ಹೊಂದುತ್ತದೆ. ‘ಸ್ಸೊ’ ಎಂದು ನಾನು ಬರೆದಿರುವ ಕಡೆ ಸರಿಯಾದ ಸ್ವರ ನಮ್ಮ ಅ ಮತ್ತು ಒ ನಡುವಿನದು. ಕನ್ನಡದಲ್ಲಿ ಅದನ್ನು ಬರೆಯಲಾಗದು, ಕೇಳಿಯೇ ತಿಳಿಯಬೇಕು.

ಬಳಸುವ ಕ್ರಮ

ನಮ್ಮ ತರಗತಿಯಲ್ಲಿ ಹಿಫ್ಜ್ ಮುಗಿಸಿದ ಗೆಳೆಯನೊಬ್ಬ ಇದ್ದಾನೆ. ಇಷ್ಟೊಂದು ಹೇಗೆ ನೆನಪಿಟ್ಟೆ ಎಂದು ಕೇಳಿದಾಗ ಅವನು ಹೇಳಿದ್ದು ಮೂರು ಪದ: ಸಬಕ್, ಸಬ್ಕಿ, ಮಂಜಿಲ್. ಸಬಕ್ ಎಂದರೆ ಇವತ್ತಿನ ಹೊಸ ಪಾಠ. ಸಬ್ಕಿ ಎಂದರೆ ಇತ್ತೀಚಿನ ದಿನಗಳದು. ಮಂಜಿಲ್ ಎಂದರೆ ಹಿಂದೆ ಮುಗಿಸಿದ್ದು. ಮೂರನ್ನೂ ದಿನವೂ ಒಪ್ಪಿಸಬೇಕು. ಹೊಸದನ್ನು ಮಾತ್ರ ಮಾಡುತ್ತಾ ಹೋದರೆ ಹಳೆಯದು ಜಾರಿಹೋಗುತ್ತದೆ. ನಾನು ಈ ಕ್ರಮವನ್ನೇ ಕೊರಿಯನ್ನಿಗೆ ತೆಗೆದುಕೊಂಡೆ. ದಿನಕ್ಕೆ ಅರ್ಧ ಗಂಟೆ ಸಾಕು.

ಸಬಕ್‌ಗೆ ಐದು ವಾಕ್ಯ. ಮೊದಲು ಅರ್ಥ ಓದಿ. ಆಮೇಲೆ ಕೊರಿಯನ್ ಸಾಲಿನ ಮೇಲೆ ಬೆರಳಿಟ್ಟು ಧ್ವನಿ ಕೇಳಿ. ಮೂರನೇ ಸಲ ಧ್ವನಿಯ ಜೊತೆಗೇ ಬಾಯಿಬಿಟ್ಟು ಹೇಳಿ. ಕೊನೆಗೆ ಪುಸ್ತಕ ಮುಚ್ಚಿ ಕೇಳಿ, ಅರ್ಥ ಹೊಳೆಯುತ್ತದೆಯೇ ನೋಡಿ. ಸಬ್ಕಿಗೆ ಕಳೆದ ಒಂದು ವಾರದ ವಾಕ್ಯಗಳನ್ನು ಪುಸ್ತಕ ನೋಡದೆ ಕೇಳಿ. ಮಂಜಿಲ್‌ಗೆ ಹಳೆಯ ಕಥೆಯೊಂದನ್ನು ಕಾಲೇಜಿಗೆ ಬರುವ ಬಸ್ಸಿನಲ್ಲಿ ಕೇಳಿ. ವಾರಕ್ಕೊಮ್ಮೆ ಕನ್ನಡ ಅರ್ಥದ ಕಡೆಯಿಂದ ಕೊರಿಯನ್ನಿಗೆ ವಾಪಸ್ ಬರೆದು, ಮೂಲದೊಡನೆ ತಾಳೆ ನೋಡಿ.

ಎಷ್ಟು ನೋಡಿದರೂ ಅರ್ಥವಾಗದ ಪದವೋ ಪ್ರತ್ಯಯವೋ ಬಂದರೆ ಅಲ್ಲೇ ನಿಲ್ಲಬೇಡಿ. ತಾಳೆಪಟ್ಟಿ ಹೊಂದದಿದ್ದಾಗ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕಿ ಮುಂದೆ ಹೋಗುತ್ತೇವಲ್ಲ, ಹಾಗೆ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಡಿ. ಹೆಚ್ಚಿನವು ಮುಂದಿನ ಪಾಠಗಳಲ್ಲಿ ತಾವೇ ಬಗೆಹರಿಯುತ್ತವೆ. ಆದರೆ ಆ ಖಾತೆಯನ್ನು ತಿಂಗಳಿಗೊಮ್ಮೆ ತೆರೆದು ನೋಡುವುದನ್ನು ಮರೆಯಬೇಡಿ.

ಇದರಿಂದ ಏನು ಪ್ರಯೋಜನ?

ಅಮ್ಮಿ ಕೇಳುವ ಪ್ರಶ್ನೆ ಇದೇ. ಉತ್ತರ ನನ್ನ ಹತ್ತಿರ ಸ್ವಲ್ಪ ಇದೆ. ಭಾರತ ಮತ್ತು ಕೊರಿಯಾದ ನಡುವಿನ ಸಮಗ್ರ ಆರ್ಥಿಕ ಪಾಲುದಾರಿಕೆ ಒಪ್ಪಂದ 2010ರ ಜನವರಿ 1ರಿಂದ ಜಾರಿಯಲ್ಲಿದೆ. ಹ್ಯುಂಡೈ ಕಾರ್ಖಾನೆ ಚೆನ್ನೈ ಹತ್ತಿರದ ಶ್ರೀಪೆರಂಬುದೂರಿನಲ್ಲಿದೆ. ನಮ್ಮ ಗಡಿಗೆ ಹತ್ತಿರದ ಪೆನುಕೊಂಡದಲ್ಲಿ ಕಿಯಾ 2019ರಿಂದ ಕಾರು ತಯಾರಿಸುತ್ತಿದೆ. ಸ್ಯಾಮ್ಸಂಗ್‌ನ ಸಂಶೋಧನಾ ಸಂಸ್ಥೆ ಬೆಂಗಳೂರಿನಲ್ಲಿದೆ. ಲೆಕ್ಕಪತ್ರ ಗೊತ್ತಿದ್ದು ಕೊರಿಯನ್ ಕೂಡ ಗೊತ್ತಿರುವವರು ಎಷ್ಟು ಜನ ಇದ್ದಾರೆ? ಆದರೆ ನಾಲ್ಕು ಹಾಡಿನ ಪದ ಗೊತ್ತಿದ್ದರೆ ಯಾರೂ ಕೆಲಸ ಕೊಡುವುದಿಲ್ಲ. ಕೇಳಿದ್ದು ತಿಳಿಯಬೇಕು, ಓದಿದ್ದು ತಿಳಿಯಬೇಕು. ಮುಂದೆ ತರಗತಿಗೆ ಸೇರಬೇಕೆಂದಿರುವವರಿಗೆ ಚೆನ್ನೈಯ ಇನ್ಕೊ ಸೆಂಟರ್ ಮತ್ತು ದೆಹಲಿಯ ಕೊರಿಯನ್ ಸಾಂಸ್ಕೃತಿಕ ಕೇಂದ್ರದ ಹೆಸರು ನೆನಪಿರಲಿ.

ಹೊಸ ಕ್ರಮ ಶುರು ಮಾಡಿ ನಾಲ್ಕು ತಿಂಗಳಾದ ಮೇಲೆ ಇನ್ನೊಂದು ಹಳೆಯ ಪ್ರಶ್ನೆಪತ್ರಿಕೆ ಬರೆದೆ. ಆಲಿಸುವ ಭಾಗದಲ್ಲಿ 30ಕ್ಕೆ 19. ದೊಡ್ಡ ಅಂಕವಲ್ಲ, ಆದರೆ ಈ ಸಲ ಊಹಿಸಿ ಬಂದದ್ದಲ್ಲ.

ಕೊನೆಯದಾಗಿ ಒಂದು ಕೋರಿಕೆ. ಕೊರಿಯನ್–ಕನ್ನಡ ದ್ವಿಭಾಷಾ ಪಾಠಪುಸ್ತಕ ನಾನು ಹುಡುಕಿದ ಕಡೆಯೆಲ್ಲೂ ಸಿಗಲಿಲ್ಲ. ನಮಗೆ ಅಷ್ಟು ಹತ್ತಿರದ ವಾಕ್ಯರಚನೆಯ ಭಾಷೆಯನ್ನು ನಾವು ಇಂಗ್ಲಿಷ್ ಸುತ್ತಿಕೊಂಡು ಹೋಗಿ ಕಲಿಯುತ್ತಿದ್ದೇವೆ. ಹಾಗಾಗಿ ಜನಪದ ಕಥೆಗಳನ್ನು ನನ್ನದೇ ಸರಳ ವಾಕ್ಯಗಳಲ್ಲಿ, ಮೂರು ಸಾಲಿನಲ್ಲಿ ಬರೆಯುತ್ತಿದ್ದೇನೆ: ಕೊರಿಯನ್, ಪದಶಃ ಕನ್ನಡ, ಸಹಜ ಕನ್ನಡ. ಮೂರು ಕಥೆ ಮುಗಿದಿವೆ. ಆ ನೋಟ್‌ಬುಕ್ಕನ್ನು ಕಾಲೇಜು ಗ್ರಂಥಾಲಯದಲ್ಲಿ ಇಡುತ್ತೇನೆ. ಅದರಲ್ಲಿ ದೋಣಿಗೆ ಹೊಟ್ಟೆನೋವು ಬಂದಿರುವುದು ಕಂಡರೆ ದಯವಿಟ್ಟು ಪೆನ್ಸಿಲ್‌ನಲ್ಲಿ ತಿದ್ದಿ. ನಾಲ್ಕನೇ ಕಥೆಯನ್ನು ನಿಮ್ಮಲ್ಲಿ ಯಾರಾದರೂ ಬರೆದರೆ ಇನ್ನೂ ಸಂತೋಷ.